ಕೈಗುಣ

“ಶಾಂತಕುಮಾರ್ ಬರೂತನಕ ಯಾರೂ ಅದನ್ನ ಮುಟ್ಟಬ್ಯಾಡ್ರಿ! ಫೋನ್ ಮಾಡೀನಿ, ಬರಾಕತ್ತಾರ,” ಎಂದು ಲ್ಯಾಬಿನ ಒಡತಿ ಉಮಾಬಾಯಿ ಕೂಗಿದರು. ದಿಲ್‌ಸುಖ್‌ನಗರದಲ್ಲಿ ಕರೆಂಟು ಹೋಗಿ ಬಂದು, ಸರ್ವರ್ ರೀಬೂಟ್ ಆಗಿ, ರಕ್ತಪರೀಕ್ಷೆಯ ರಿಪೋರ್ಟುಗಳೆಲ್ಲ ನಿಂತುಹೋಗಿದ್ದವು. ಹೊರಗೆ ರೋಗಿಗಳು ತೆಲುಗಿನಲ್ಲೂ ಹಿಂದಿಯಲ್ಲೂ ಬೈಯುತ್ತಿದ್ದರು.

ಮೈಸೂರಿನಿಂದ ಬಂದು ಇಲ್ಲಿ ಸಿಸ್ಟಂ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದ ಮಧುರಾಳಿಗೆ ಮೈ ಉರಿಯಿತು. ರೋಗ ಇಷ್ಟೇ: ರಿಪೋರ್ಟ್ ಸಾಫ್ಟ್‌ವೇರ್ ಬಳಸುವ ತಾತ್ಕಾಲಿಕ ಫೋಲ್ಡರು ಪ್ರತಿ ರೀಬೂಟಿಗೂ ಅಳಿಸಿಹೋಗಿ ಹೊಸದಾಗಿ ಹುಟ್ಟುತ್ತದೆ, ಅದರಲ್ಲಿ ಬರೆಯುವ ಪರ್ಮಿಷನ್ ಮಾತ್ರ ಮರಳಿ ಬರುವುದಿಲ್ಲ. ಕಂಪ್ಯೂಟರ್ ರಿಪೇರಿಯ ಶಾಂತಕುಮಾರ ಪ್ರತಿಸಲವೂ ಊರಿನ ಇನ್ನೊಂದು ಕಡೆಯ ಅಬಿಡ್ಸ್‌ನಿಂದ ಆಟೋದಲ್ಲಿ ಬಂದು, ಕೀಬೋರ್ಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಎಲ್ಲರಿಗೂ ಎಲ್ಲ ಪರ್ಮಿಷನ್ ಕೊಟ್ಟು, ಚಹಾ ಕುಡಿದು ಹೋಗುತ್ತಿದ್ದ. ಮುಂದಿನ ರೀಬೂಟಿಗೆ ಮತ್ತೆ ಹಾಡಿದ್ದೇ ಹಾಡು. ಈ ಮಹಾವಿದ್ಯೆಗೆ ಉಮಾಬಾಯಿ ಇಟ್ಟ ಹೆಸರು ಕೈಗುಣ.

“ಸರ್ವರ್ ಎದ್ದಾಗಲೇ ಪರ್ಮಿಷನ್ ಕೊಡು ಅಂತ ಸೆಟ್ಟಿಂಗ್‌ನಲ್ಲಿ ಒಂದು ಸಾಲು ಬರೆದಿಟ್ಟರೆ ಸಾಕು ಮೇಡಂ. ಆಮೇಲೆ ಯಾರೂ ಬರೋದೇ ಬೇಡ.”

“ಕೈಗುಣ ಸೆಟ್ಟಿಂಗ್‌ನ್ಯಾಗ ಬರತೈತೇನು? ಬರಿ, ನೋಡೂಣು. ಅವರಿಲ್ಲದ ಇದು ನಡೀಲಿಲ್ಲಂದ್ರ ಇವತ್ತಿಗೇ ನಿನ್ನ ಕೆಲಸ ಮುಗೀತು, ತಂಗಿ. ಇಬ್ಬರನ್ನ ಯಾಕ ಸಾಕ್ಲಿ ನಾ?”

ಮಧುರಾ ಬರೆದಳು. ಮತ್ತೊಮ್ಮೆ ಓದಿ ನೋಡಿದಳು. ಸರಿಯಿತ್ತು. ಸರ್ವರನ್ನು ರೀಬೂಟ್ ಮಾಡಿದಳು, ಪರದೆ ಕಪ್ಪಾಯಿತು. ಅದೇ ಹೊತ್ತಿಗೆ ಶಾಂತಕುಮಾರ ಬಂದು ಬಾಗಿಲಲ್ಲೇ ನಿಂತು ಅಂಗಿಯ ತೋಳು ಮಡಿಸತೊಡಗಿದ. ಒಂದು ತೋಳು ಮುಗಿಸಿ ಇನ್ನೊಂದಕ್ಕೆ ಕೈಹಾಕಿದ್ದನಷ್ಟೆ, ಪ್ರಿಂಟರ್ ಗುರುಗುಟ್ಟಿ ಒಂದರ ಹಿಂದೊಂದು ರಿಪೋರ್ಟು ಕಕ್ಕಲು ಶುರುಮಾಡಿತು.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಇನ್ನು ಹೇಳುವುದೇನೂ ಉಳಿದಿಲ್ಲ ಎಂದುಕೊಂಡು ಮಧುರಾ ಉಮಾಬಾಯಿಯ ಕಡೆ ತಿರುಗಿದಳು. ಶಾಂತಕುಮಾರನ ಮುಖ ಒಂದು ಗಳಿಗೆ ಹುಳ್ಳಗಾಯಿತು. ಆಮೇಲೆ ಮಡಿಸಿದ ತೋಳನ್ನು ನಿಧಾನವಾಗಿ ಇಳಿಸಿಕೊಂಡ.

“ನೋಡಿದ್ರೇನ್ರಿ ಅಕ್ಕಾರ? ಈಗ ಮುಟ್ಟೂದೂ ಬ್ಯಾಡ. ನಾ ಬಂದು ನಿಂತ್ರ ಸಾಕು.”

ಉಮಾಬಾಯಿ ಎರಡೂ ಕೈ ಜೋಡಿಸಿದರು. ಆಮೇಲೆ ಮಧುರಾಳಿಗೆ ಹೇಳಿದರು: “ಹೆಂಗೂ ಹೊಂಟೀಯಲ್ಲ ತಂಗಿ, ಹೋಗೂವಾಗ ಕೆಳಗ ಇವರಿಗೊಂದು ಚಹಾ ಹೇಳಿ ಹೋಗು.”