ಅತ್ತಿ ಅನ್ನುವ ಕನ್ನಡಕ

ಊರಿನ ಕಣ್ಣು ಮಂಜಾದವರಿಗೆ ದಾರಿ ಹೇಳುವ ಕನ್ನಡಕಗಳಿಗೆ ನನ್ನ ದನಿಯಲ್ಲೇ ಮಾತು ಕಲಿಸಿದವಳು ನಾನು. ಕಣ್ಣು ಮಂಜಾದ ಅತ್ತೆಯ ಪಕ್ಕ ಕುಳಿತು, ಕಂಡದ್ದನ್ನೆಲ್ಲ ಅವರಿಗೆ ಹೇಳುತ್ತಾ ಕಲಿಸಿದೆ. ಹಾಗಾಗಿ ಎಲ್ಲ ಕನ್ನಡಕಗಳೂ ಹಾಕಿಕೊಂಡವರನ್ನು ‘ಅತ್ತಿ’ ಎಂದೇ ಕರೆಯುತ್ತವೆ.

ಇವತ್ತು ಅಂಥದೇ ಕನ್ನಡಕ ಹಾಕಿಕೊಂಡ ಪೈಲ್ವಾನ ಸಂಗಪ್ಪಜ್ಜ ಮನೆಗೆ ಬಂದರು. ನನ್ನ ದನಿ ತೆಗೆಸಲು ಬಂದಿದ್ದಾರೆಂದು ಹೆದರಿ ಬಾಗಿಲ ಮರೆಗೆ ಸರಿದೆ.

“ನಿನ್ನ ಸೊಸಿ ಇಂಥಾ ಮೀಸಿಯಂವಗೂ ‘ಅತ್ತಿ, ಮುಂದ ಗಟಾರ ಐತಿ’ ಅಂತಾಳಲ್ಲ ತಂಗಿ.”

“ಬ್ಯಾರೆ ದನಿ ಹಾಕ್ಸಲೇನಣ್ಣ?” ಅತ್ತೆ ಕೇಳಿದರು.

“ಬ್ಯಾಡ. ಅಕಿ ದನಿ ಬಂದಮ್ಯಾಲ ಒಮ್ಮೆನೂ ಗಟಾರಕ್ಕ ಬಿದ್ದಿಲ್ಲ. ಅತ್ತಿ ಅಂದ್ರ ಅನ್ನಲಿ.”

“ಮಂದಿ ಮುಂದ ಬಾಯಿ ಬಿಡಂಗಿಲ್ಲ. ಊರೆಲ್ಲ ಅಕಿ ಮಾತ ಕೇಳತೈತಿ ನೋಡು,” ಎನ್ನುತ್ತಾ ಅತ್ತೆ ಬಾಗಿಲ ಕಡೆ ತಿರುಗಿದರು.

ಅವರ ಕನ್ನಡಕ ನನ್ನದೇ ದನಿಯಲ್ಲಿ ಹೇಳಿತು: “ಅತ್ತಿ, ಸೊಸಿ ಇಣುಕಾಕತ್ತಾಳ. ನಗಾಕತ್ತಾಳ.”