ಅಣ್ಣನ ದನಿಯ ಪಾಲು

"ಸತ್ತವನ ದನಿಗೆ ಬೀಗ ಹಾಕೋ ಹಕ್ಕು ಯಾರಿಗಿದೆ?" ಅಂಗಳದ ಕೊಪ್ಪರಿಗೆಯತ್ತ ಮುಖಮಾಡಿ ಬುರುಲ್‌ಕಾನ್ ಕೇಳಿದಳು. ಅಲ್ಲಿದ್ದದ್ದು ಕುದಿಯುವ ಮಾಂಸವೊಂದೇ.

ಅಂದು ಅವಳ ಅಣ್ಣ ಸುರಾಂಚಿ ತೀರಿಕೊಂಡ ವರ್ಷದ ಊಟ. ನಾರಿನ್ ಸೀಮೆಗೆಲ್ಲ ವೀರರ ಕಥೆ ಹಾಡಿ ಹೇಳುತ್ತಿದ್ದವನು. ನರಗಳು ಒಂದೊಂದಾಗಿ ಸಾಯುವ ಕಾಯಿಲೆ ಮೊದಲು ಅವನ ನಾಲಗೆಯನ್ನೇ ಕಚ್ಚಿತು. ಹಾಡು ತೊದಲಾಗಿ, ತೊದಲು ಬರಿಯ ಉಸಿರಾಗುವ ತನಕ ಡಾಕ್ಟರ್ ಮೆಲಿಸ್ ತಿಂಗಳು ತಿಂಗಳೂ ಬಂದು ಯಂತ್ರದಲ್ಲಿ ದನಿ ಹಿಡಿದಿಟ್ಟುಕೊಂಡ, ರಕ್ತ ತೆಗೆದುಕೊಂಡ. ಹಲವು ದೇಶಗಳ ರೋಗಿಗಳ ವಿವರ ಕೂಡಿಡುವ ಕಣಜ ಗಡಿಯಾಚೆಯ ಅಲ್ಮಾಟಿಯಲ್ಲಿದೆ, ಅಲ್ಲಿಗೆ ಕಳಿಸುತ್ತೇನೆ, ಮದ್ದು ಹುಡುಕುವ ಯಾರು ಬೇಕಾದರೂ ಬಳಸಬಹುದು ಎಂದಿದ್ದ. ಅಣ್ಣ ಅಂಗೈ ಬಿಚ್ಚಿ, "ಎಲ್ಲರಿಗೂ ಮುಟ್ಟಲಿ" ಎಂದು ಹರಸಿದ್ದ. ಅವಳು ವಿಚಾರಿಸಿದ್ದಕ್ಕೆ ನಿನ್ನೆ ಅಲ್ಮಾಟಿಯಿಂದ ಫೋನು ಬಂತು: ಅಲ್ಲಿಗೆ ಏನೂ ತಲುಪಿಲ್ಲ.

ಕುರಾನ್ ಓದುವಷ್ಟು ಹೊತ್ತು ಅವಳು ಕಣ್ಣುಮುಚ್ಚಿ ಸಿಟ್ಟು ನುಂಗಿದಳು. ಆಮೇಲೆ, ಅತಿಥಿಯ ಮಾನಕ್ಕೆ ತಕ್ಕ ಮಾಂಸದೆಲುಬು ಹಂಚುವ ಪದ್ಧತಿಯಂತೆ, ಡಾಕ್ಟರಿಗೂ ಅವನ ದರ್ಜೆಯ ಎಲುಬು ಬಡಿಸಿದಳು. ತಿಂದುಳಿದದ್ದನ್ನು ಎಲ್ಲರಂತೆ ಮನೆಯವರಿಗೆಂದು ಚೀಲಕ್ಕೆ ತುಂಬಿಕೊಳ್ಳುತ್ತಲೇ ಅವನು ಅವಳ ಕೈ ನೋಡಿದ. ಸೌಟು ಮತ್ತೆ ಮತ್ತೆ ಜಾರುತ್ತಿತ್ತು.

"ಅಕ್ಕಾ, ಹೆಬ್ಬೆರಳು ಯಾವಾಗಿಂದ ಹೀಗೆ?"

"ಹಿಮ ಕರಗಿದಾಗಿಂದ."

ಅವನ ಕಣ್ಣು ಮಿನುಗಿತು, ಸಂತೆಯಲ್ಲಿ ಒಳ್ಳೆಯ ಕುದುರೆ ಕಂಡವನಂತೆ. "ಒಂದೇ ಮನೇಲಿ ಇಬ್ಬರಿಗೆ ಅದೇ ಕಾಯಿಲೆ! ನಾಳೆ ಬೆಳಿಗ್ಗೆ ರಕ್ತ ಕೊಟ್ಬಿಡಿ. ಬೇರೆ ಯಾರಿಗೂ ಹೇಳ್ಬೇಡಿ."

"ಅಣ್ಣಂದು ಎಲ್ಲಿ?"

"ನನ್ನ ಹತ್ರ ಭದ್ರವಾಗಿದೆ. ನನ್ನ ಪ್ರಬಂಧ ಅಚ್ಚಾಗ್ಲಿ, ಆಮೇಲೆ ಕಳಿಸ್ತೀನಿ. ಈಗ್ಲೇ ಕೊಟ್ರೆ ಬೇರೆಯವ್ರು ಹೆಸರು ಮಾಡ್ಕೋತಾರೆ. ಎಷ್ಟು ವರ್ಷದ ದುಡಿಮೆ ಅಕ್ಕಾ ನಂದು!"

"ನಿನ್ನ ದುಡಿಮೆ! ಸತ್ತಿದ್ದು ಯಾರೋ?" ಹಾಸಿನ ಮೇಲೆ ಕೂತಿದ್ದವರೆಲ್ಲ ಇತ್ತ ತಿರುಗಿದರು. "ಕುರಿ ಕೊಯ್ದ ದಿನ ಹಗೆ ಬಂದ್ರೂ ಒಂದು ಎಲುಬು ಎತ್ತಿಡೋ ಜನ ನಾವು. ಅಣ್ಣ ತನ್ನ ಮೈಯನ್ನೇ ಬಡಿಸಿದ. ನೀನು ಕೊಪ್ಪರಿಗೆ ಸಮೇತ ಹೊತ್ಕೊಂಡು ಹೋಗಿ ಬಾಗಿಲು ಹಾಕ್ಕೊಂಡೆಯಲ್ಲ!"

"ಸಿಟ್ಟಾಗ್ಬೇಡಿ. ನಿಮ್ಮ ಒಳ್ಳೇದಕ್ಕೇ ಕೇಳ್ತಿರೋದು. ಒಂದು ಸಣ್ಣ ಸೀಸೆ, ಅಷ್ಟೇ."

ಬುರುಲ್‌ಕಾನ್ ಎಡಗೈಯಿಂದ ಬಲತೋಳನ್ನೆತ್ತಿ ಅವನ ಮುಖದ ಮುಂದೆ ಹಿಡಿದಳು. ಬೆರಳುಗಳು ಒದ್ದೆ ಬಟ್ಟೆಯಂತೆ ಜೋತವು.

"ಇದು ನಾಳೆ ಅಲ್ಮಾಟಿ ಬಸ್ಸು ಹತ್ತುತ್ತೆ. ನಿನಗೆ ಒಂದು ಹನೀನೂ ಕೊಡಲ್ಲ."