ಕಂಬದ ಹಿಂದೆ

ಟ್ರಿಗರ್ ಎಳೆಯುವ ಮುನ್ನ ಗಾರ್ಗಿ ಯಾಕೋ ಒಮ್ಮೆ ತಿರುಗಿ ನೋಡಿದಳು. ಇಷ್ಟು ಹೊತ್ತು ಪಕ್ಕದಲ್ಲೇ ಅಂಟಿಕೊಂಡಿದ್ದ ಗಂಡ ವಿಶ್ವಾಸ್ ಈಗ ಕಾಂಕ್ರೀಟ್ ಕಂಬದ ಹಿಂದೆ ಸೇರಿಕೊಂಡಿದ್ದ. ಅರ್ಧ ಮುಖ ಮಾತ್ರ ಹೊರಗೆ ಕಾಣುತ್ತಿತ್ತು.

ರೈಫಲ್‌ನೊಳಗೆ ಇದ್ದದ್ದು ಮರ್ಫಿ ಊರಿನ ತಮ್ಮ ಮನೆಯ ಗರಾಜಿನಲ್ಲಿ ವಿಶ್ವಾಸನೇ ಮದ್ದು ತುಂಬಿ ತಯಾರಿಸಿದ ತೋಟಾ. ಜಿಂಕೆ ಬೇಟೆಗೆ ಮುಂಚೆ ಪರೀಕ್ಷಿಸೋಣವೆಂದು ಇಬ್ಬರೂ ಶೂಟಿಂಗ್ ರೇಂಜಿಗೆ ಬಂದಿದ್ದರು. ಮೊದಲ ಗುಂಡನ್ನು ಅವನೇ ಹೊಡೆದ. ಖಾಲಿ ತೋಟಾ ಒಳಗೇ ಕಚ್ಚಿಕೊಂಡಿತು. ರೈಫಲಿನ ಬೋಲ್ಟ್ ಹಿಡಿಗೆ ಬಡಿದು ಬಡಿದು ಹೊರತೆಗೆದಾಗ ಮದ್ದು ಹೆಚ್ಚಾಗಿ ಅದರ ಹೊಟ್ಟೆ ಉಬ್ಬಿದ್ದು ಅವಳ ಕಣ್ಣಿಗೂ ಬಿದ್ದಿತ್ತು. ಅವನು ಅದನ್ನು ಜೇಬಿಗೆ ಹಾಕಿಕೊಂಡು, "ಈ ಸಲ ನೀನು ಹೊಡಿ, ನಿಂಗೂ ಪ್ರಾಕ್ಟೀಸ್ ಆಗ್ಲಿ" ಎಂದು ನಕ್ಕಿದ್ದ.

"ಅಲ್ಲಿ ಯಾಕೆ ನಿಂತಿದೀಯಾ?" ಎಂದು ಗಾರ್ಗಿ ಕೇಳಿದಳು.

"ಬಿಸಿಲು ಕಣೆ. ಹೊಡಿ, ಏನೂ ಆಗಲ್ಲ."

"ಏನೂ ಆಗಲ್ಲ ಅಂದ್ರೆ ಬಾ, ಪಕ್ಕದಲ್ಲಿ ನಿಂತ್ಕೋ."

ಅವನು ಕದಲಲಿಲ್ಲ.

ರೈಫಲ್ ಸಿಡಿದರೆ ತಗಲುವುದು ತನಗೇ ಎಂದು ಗಾರ್ಗಿಗೆ ಹೊಳೆಯಿತು. ತೋಟಾ ಹೊರತೆಗೆದು, ರೈಫಲನ್ನು ಮೇಜಿನ ಮೇಲಿಟ್ಟಳು. ಆಮೇಲಷ್ಟೇ ಅವನು ಈಚೆ ಬಂದು, "ಯಾಕೆ, ಹೆದರ್ಕೊಂಡ್ಯಾ?" ಎನ್ನುತ್ತ ಅವಳ ಹೆಗಲ ಮೇಲೆ ಕೈಹಾಕಿದ. ಮೈಮೇಲೆ ಬಿದ್ದ ಹುಳುವನ್ನು ಕೊಡವುವಂತೆ ಅವಳು ಆ ಕೈಯನ್ನು ಕೊಡವಿದಳು.

"ಕಾರಿನ ಕೀ ಕೊಡು," ಎಂದಳು. "ನೀನು ಬೇರೆ ಹೇಗಾದ್ರೂ ಬಾ."